ಹಂಪಿಯಲ್ಲಿ ಲೆಕ್ಕ ಬರೆದವರು

ಹಂಪಿಗೆ ಹೋಗೋಣವೆಂಬ ಮಾತು ನಮ್ಮ ನಾಲ್ವರ ನಡುವೆ ಎಷ್ಟೋ ವರ್ಷಗಳಿಂದ ನಡೆದೇ ಇತ್ತು. ಒಂದು ವರ್ಷ ಒಬ್ಬಳ ಮಗನ ಪರೀಕ್ಷೆ, ಮತ್ತೊಂದು ವರ್ಷ ಇನ್ನೊಬ್ಬಳ ಅತ್ತೆಯ ಕಾಯಿಲೆ. ಕೊನೆಗೆ ಮಕ್ಕಳೆಲ್ಲ ದೂರದೂರಿಗೆ ಹೋದ ಮೇಲೆ, ಮಂಡಿನೋವು ಇನ್ನೂ ಜೋರಾಗುವ ಮೊದಲೇ ನೋಡಿಬಿಡೋಣವೆಂದು, ಡಿಸೆಂಬರಿನ ಒಂದು ಬೆಳಿಗ್ಗೆ ಹೊಸಪೇಟೆಯಲ್ಲಿ ಬಸ್ಸಿಳಿದೆವು. ಎಲ್ಲರ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ. ನನ್ನ ಚೀಲದಲ್ಲಿ ಮಾತ್ರ ಒಂದು ದಪ್ಪ ಪುಸ್ತಕ, ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸ. "ಇದರ ಬದಲು ಇನ್ನೆರಡು ರೊಟ್ಟಿ ತರಬಾರದಿತ್ತೇ?" ಎಂದು ಗೆಳತಿಯರು ನಕ್ಕರು.

ನಮ್ಮಲ್ಲಿ ಹಿರಿಯಳನ್ನು ಎಲ್ಲರೂ ಅಕ್ಕ ಎನ್ನುತ್ತೇವೆ. ಗಂಡನ ಕಿರಾಣಿ ಅಂಗಡಿಯ ಲೆಕ್ಕವನ್ನು ಮೂವತ್ತು ವರ್ಷ ಬರೆದವಳು ಅವಳೇ. ಹಗಲಿನ ಚೀಟಿಗಳೆಲ್ಲ ರಾತ್ರಿ ಅಡಿಗೆಮನೆಗೆ ಬರುತ್ತಿದ್ದವು. ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಒಲೆಯ ಪಕ್ಕದಲ್ಲೇ ಖಾತೆ ಪುಸ್ತಕ ಬಿಡಿಸಿ ಕೂಡುತ್ತಿದ್ದಳು. ಅಂಗಡಿಯ ಬೋರ್ಡಿನ ಮೇಲೆ ಇದ್ದದ್ದು ಗಂಡನ ಹೆಸರು, ಅದರ ಮುಂದೆ 'ಮತ್ತು ಮಕ್ಕಳು'.

ಕಮಲಾಪುರದ ಕಡೆಯಿಂದ ಹೊರಟ ನಮಗೆ ಮೊದಲು ಸಿಕ್ಕಿದ್ದು 'ರಾಣಿಯರ ಸ್ನಾನಗೃಹ'. ಹೊರಗಿನಿಂದ ಸಾದಾ ಗೋಡೆ. ಒಳಗೆ ಕಾಲಿಟ್ಟರೆ ಚೌಕನೆಯ ಕೊಳ, ಸುತ್ತಲೂ ಕಮಾನಿನ ಪಡಸಾಲೆ, ಕೊಳದ ಮೇಲಕ್ಕೆ ಚಾಚಿದ ಅಂದವಾದ ಬಾಲ್ಕನಿಗಳು. ಗೈಡು ಅಭ್ಯಾಸಬಲದಿಂದ ರಾಣಿಯರ ಜಲಕ್ರೀಡೆಯನ್ನು ವರ್ಣಿಸತೊಡಗಿದ. ಅಕ್ಕ ಸುತ್ತ ಒಮ್ಮೆ ಕಣ್ಣಾಡಿಸಿ, "ಇಷ್ಟು ಜನ ನಿಂತು ನೋಡುವ ಹಾಗೆ ಕಟ್ಟಿಸಿಕೊಂಡು ಯಾವ ರಾಣಿ ಸ್ನಾನ ಮಾಡಿಯಾಳಪ್ಪಾ?" ಎಂದಳು. ಗೈಡು ನಕ್ಕು ಮುಂದೆ ನಡೆದ. ಆದರೆ ವಿದ್ವಾಂಸರಿಗೂ ಈ ಹೆಸರಿನ ಬಗ್ಗೆ ಅನುಮಾನವಿದೆ. ಅರಸನೂ ಅವನ ಪರಿವಾರದವರೂ ವಿಹರಿಸುತ್ತಿದ್ದ ಕೊಳವಿದು ಎನ್ನುತ್ತಾರೆ. ಹೆಸರು, ಊರು ಹಾಳಾದ ಮೇಲೆ ಬಂದದ್ದು.

'ಜನಾನಾ' ಎಂದು ಕರೆಯುವ ಎತ್ತರದ ಗೋಡೆಯ ಆವರಣದ ಕಥೆಯೂ ಹೀಗೆಯೇ. ಒಳಗಿರುವ ಕಮಲ ಮಹಲ್ ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆಯಾಚೆಗೇ ಹನ್ನೊಂದು ಕೋಣೆಗಳ ಆನೆಲಾಯ! ಅಂತಃಪುರದ ಮಗ್ಗುಲಲ್ಲಿ ಯಾರಾದರೂ ಆನೆ ಕಟ್ಟುತ್ತಾರೆಯೇ ಎಂದು ನಮಗೂ ಅನ್ನಿಸಿತು. ಹೆಂಗಸರೆಂದರೆ ಸ್ನಾನ, ಶೃಂಗಾರ, ಅಂತಃಪುರ. ಹೆಸರಿಟ್ಟವರ ಕಲ್ಪನೆ ಅಷ್ಟಕ್ಕೇ ನಿಂತುಬಿಟ್ಟಿತ್ತು.

ಹಾಗಾದರೆ ಆ ಕಾಲದ ಹೆಂಗಸರು ಎಲ್ಲಿದ್ದಾರೆ? ಗಂಗಾದೇವಿಯಂತಹ ರಾಣಿ ಗಂಡ ಕಂಪಣನ ಮಧುರೆಯ ದಂಡಯಾತ್ರೆಯನ್ನು ಸಂಸ್ಕೃತದಲ್ಲಿ ಕಾವ್ಯವಾಗಿಸಿದಳು, ಅವಳ ಹೆಸರು ಉಳಿಯಿತು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುಣಿಯುವ, ಕೋಲಾಟವಾಡುವ ಹೆಂಗಸರಿದ್ದಾರೆ, ಅವರಿಗೆ ಹೆಸರಿಲ್ಲ. ದಿಬ್ಬ ಹತ್ತಿ, ರೊಟ್ಟಿಯ ಗಂಟು ಬಿಚ್ಚಿದ ಮೇಲೆ ನಾನು ಪುಸ್ತಕ ತೆಗೆದೆ. ಅದರಲ್ಲಿ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯ ಬರಹದ ಅನುವಾದವಿದೆ. ಅಚ್ಯುತರಾಯನ ಕಾಲದಲ್ಲಿ, 1535ರಿಂದ 1537ರ ಸುಮಾರಿಗೆ, ಅವನು ಇಲ್ಲಿದ್ದ. ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರಿದ್ದರಂತೆ, ಜೋಯಿಸರಿದ್ದರಂತೆ, ರಾತ್ರಿ ಪಹರೆ ಕಾಯುವವರೂ ಹೆಂಗಸರೇ ಅಂತೆ. ಬಾಗಿಲೊಳಗಿನ ಖರ್ಚುವೆಚ್ಚವನ್ನೆಲ್ಲ ಬರೆದಿಡುವವರು ಹೆಂಗಸರು. ರಾಜ್ಯದ ವ್ಯವಹಾರಗಳನ್ನು ಬರೆದು, ಹೊರಗಿನ ಬರಹಗಾರರ ಪುಸ್ತಕಗಳೊಂದಿಗೆ ತಮ್ಮದನ್ನು ಹೋಲಿಸಿ ನೋಡುವ ಹೆಂಗಸರು ಬೇರೆ. ನೂನಿಜ್ ಕೇಳಿದ್ದನ್ನೂ ಬರೆದವನೇ, ಎಲ್ಲವನ್ನೂ ಕಣ್ಣಾರೆ ಕಂಡವನಲ್ಲ. ಆದರೂ ಖಾತೆ ಪುಸ್ತಕದ ಸಂಗತಿಯನ್ನು ಯಾರು ಕಟ್ಟಿ ಹೇಳುತ್ತಾರೆ? ಕಥೆ ಕಟ್ಟುವವರಿಗೆ ಜಲಕ್ರೀಡೆಯೇ ರುಚಿ.

"ಇನ್ನೊಂದು ಸಲ ಓದು" ಎಂದಳು ಅಕ್ಕ. ಓದಿದೆ.

"ಆ ಪುಸ್ತಕಗಳು ಎಲ್ಲಿವೆ?"

ಇಲ್ಲ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗ ಸೋತ ಮೇಲೆ ಊರು ಸೂರೆಯಾಯಿತು. ನಾವು ಕುಳಿತಿದ್ದ ದಿಬ್ಬದ ಸುತ್ತ ಅರಮನೆಗಳ ಅಡಿಪಾಯ ಮಾತ್ರ ಉಳಿದಿದೆ, ಮರದ ಕಂಬಗಳೇ ಇಲ್ಲ. ಆ ಹೆಂಗಸರು ಬರೆದ ಒಂದು ಹಾಳೆಯೂ ನಮ್ಮ ಕೈಗೆ ಬಂದಿಲ್ಲ.

ಅಕ್ಕ ಸ್ವಲ್ಪ ಹೊತ್ತು ರೊಟ್ಟಿಯನ್ನು ಸುಮ್ಮನೆ ಮುರಿಯುತ್ತ ಕುಳಿತಳು. ಆಮೇಲೆ, ಮಗ ಅಂಗಡಿಗೆ ಕಂಪ್ಯೂಟರ್ ತಂದ ವರ್ಷ ಅಟ್ಟದಲ್ಲಿದ್ದ ಮೂವತ್ತು ವರ್ಷದ ಪುಸ್ತಕಗಳನ್ನು ತೂಕಕ್ಕೆ ಹಾಕಿದನೆಂದು ಹೇಳಿದಳು. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. "ತೂಕ ಮಾಡುವಾಗ ನಾನೇ ತಕ್ಕಡಿ ನೋಡಿದೆ. ರದ್ದಿಯವನು ಕಡಿಮೆ ತೂಗಿದರೆ?" ಎಂದು ನಕ್ಕಳು. ನಾವು ನಗಲಿಲ್ಲ.

ದಿಬ್ಬ ಇಳಿದು ಮೆಟ್ಟಿಲು ಪುಷ್ಕರಣಿಯ ಅಂಚಿಗೆ ಬಂದೆವು. ಮಣ್ಣಿನಡಿ ಹುದುಗಿದ್ದ ಇದು 1980ರ ದಶಕದ ಉತ್ಖನನದಲ್ಲಿ ಹೊರಬಂತು. ಕರಿಕಲ್ಲಿನ ಮೆಟ್ಟಿಲುಗಳು ಹಬ್ಬದ ದಿನ ಬಿಡಿಸಿದ ರಂಗೋಲಿಯ ಹಾಗೆ ಸಾಲು ಸಾಲಾಗಿ ಇಳಿಯುತ್ತವೆ. ಯಾವ ಕಲ್ಲು ಯಾವ ದಿಕ್ಕಿಗೆ, ಎಷ್ಟನೆಯ ಸಾಲಿಗೆ ಎಂದು ಕಲ್ಲುಕುಟಿಗರು ಅಕ್ಷರ, ಅಂಕಿ ಕೊರೆದಿದ್ದಾರೆಂದು ಗೈಡು ಹೇಳಿದ. ಅಕ್ಕ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಅಷ್ಟು ಹೊತ್ತು ಅವಳು ಬೇರೆ ಯಾವುದನ್ನೂ ನೋಡಿರಲಿಲ್ಲ, ವಿರೂಪಾಕ್ಷನ ಗೋಪುರವನ್ನೂ.

ಸಂಜೆ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಅವಳು ಪುಟ್ಟ ಪುಸ್ತಕ ತೆಗೆದು ಆಟೋ, ಟಿಕೆಟ್, ಎಳನೀರು ಎಂದು ಬರೆದು ನಾಲ್ಕು ಪಾಲು ಮಾಡಿದಳು. ನಾನು ಪರ್ಸ್ ತೆಗೆದರೆ ಕೈ ಹಿಡಿದು ನಿಲ್ಲಿಸಿ, ಪೆನ್ನನ್ನು ನನ್ನತ್ತ ಚಾಚಿದಳು. "ನೀನೂ ಒಂದು ಬರಿ. ಹೋಲಿಸಿ ನೋಡಬೇಕಲ್ಲ."