ಪೊಸೆಷನ್

"ರಿಜಿಸ್ಟ್ರಿ ಆಗೈತಿ, ಪೊಸೆಷನ್ ಇನ್ನೂ ಕೊಟ್ಟಿಲ್ಲ." ಬಳ್ಳಾರಿಯ ನಿವೇಶನವಿರಲಿ, ಸಿರುಗುಪ್ಪದ ಭತ್ತದ ಗದ್ದೆಯಿರಲಿ, ಕುರುಗೋಡಿನ ಹೊಲವಿರಲಿ, ಈ ಮಾತು ಸಲೀಸಾಗಿ ಬರುತ್ತದೆ. ಒಡೆತನ ಬೇರೆ, ಪೊಸೆಷನ್ ಬೇರೆ ಎಂಬ ಕಾನೂನಿನ ಸೂಕ್ಷ್ಮ ರೈತರಿಗೆ ಚೆನ್ನಾಗಿ ಗೊತ್ತು.

ಪದದ ಬೇರು ಲ್ಯಾಟಿನ್‌ನಲ್ಲಿದೆ. 'ಪೊಟಿಸ್' ಎಂದರೆ ಶಕ್ತ, 'ಸೆಡೆರೆ' ಎಂದರೆ ಕೂರು. ಯಜಮಾನನಾಗಿ ಕೂತವನದೇ ಪೊಸೆಷನ್. ನಮ್ಮ 'ಕಬ್ಜಾ' ಅರಬ್ಬಿಯಿಂದ ಬಂದದ್ದು. ಅದು ಕೂರುವುದಲ್ಲ, ಮುಷ್ಟಿಯಲ್ಲಿ ಹಿಡಿಯುವುದು. ಪಹಣಿಯ 'ಕಬ್ಜೆದಾರ' ಮರ್ಯಾದೆಯ ಪದ. ಅದೇ 'ಕಬ್ಜಾ ಮಾಡಿದರು' ಎಂದರೆ ಒತ್ತುವರಿ. ಒಂದೇ ಪದಕ್ಕೆ ಈ ಎರಡು ಮುಖ ಬಂದದ್ದು ನನಗೆ ನೋವಿನ ಸಂಗತಿ.

'ಸ್ವಾಧೀನ' ಸಂಸ್ಕೃತದ್ದು, ತನ್ನ ಅಧೀನ. ಆದರೆ ನನ್ನ ಮನಸ್ಸು ನಿಲ್ಲುವುದು ನಮ್ಮ ಆಡುಮಾತಿನಲ್ಲಿ. ಇಂಗ್ಲಿಷಿನ 'ಹ್ಯಾವ್'ಗೆ ಸರಿಸಾಟಿಯಾದ ಕ್ರಿಯಾಪದ ಕನ್ನಡಕ್ಕೆ ಬೇಕಾಗಿಯೇ ಇಲ್ಲ, 'ಇರು' ಸಾಕು. ಹೊಲ, ಮಕ್ಕಳ ಮಾತಿಗೆ "ನಂಗ ಎರಡೆಕರೆ ಐತಿ", "ನಂಗ ಇಬ್ರು ಮಕ್ಕಳು". ಕೈಯಲ್ಲಿನ ದುಡ್ಡಿಗೆ ಮಾತ್ರ "ನನ್ ಹತ್ರ ಐತಿ". ದುಡ್ಡು ಹತ್ತಿರ ಇರುವಂಥದ್ದು, ದೂರವೂ ಹೋಗಬಹುದು. ಹೊಲವನ್ನು ಯಾರೂ 'ನನ್ ಹತ್ರ' ಎಂದು ಸುಲಭಕ್ಕೆ ಅನ್ನುವುದಿಲ್ಲ.

ಇನ್ನು 'ಅಡ್ವರ್ಸ್ ಪೊಸೆಷನ್', ಅಂದರೆ ಪ್ರತಿಕೂಲ ಸ್ವಾಧೀನ: ಒಡೆಯನ ಒಪ್ಪಿಗೆಯಿಲ್ಲದೆ, ಬಹಿರಂಗವಾಗಿ, ಎಡೆಬಿಡದೆ ಇಂತಿಷ್ಟು ವರ್ಷ ಜಮೀನು ಹಿಡಿದವನು ಅದರ ಒಡೆತನವನ್ನೇ ಕೇಳಬಹುದು. 1963ರ ಕಾಲಮಿತಿ ಕಾಯ್ದೆಯಂತೆ ಖಾಸಗಿ ಜಮೀನಿಗೆ 12 ವರ್ಷ, ಸರ್ಕಾರಿ ಜಮೀನಿಗೆ 30 ವರ್ಷ. ಹಾಗಾಗಿ ಊರು ಬಿಟ್ಟು ದುಡಿಯಲು ಹೋದವರು ಪಹಣಿಯಲ್ಲಿ ಒಡೆಯರ ಹೆಸರಿರುವ 9ನೇ ಕಾಲಂ ಒಂದನ್ನೇ ನೋಡಿ ಸುಮ್ಮನಾಗಬಾರದು. ಸಾಗುವಳಿದಾರರ ಹೆಸರಿರುವ 12ನೆಯದನ್ನೂ ಓದಬೇಕು.