ಪೂರ್ವಪಕ್ಷಕ್ಕೆ ಮೊದಲ ಮಣೆ: ಸಂತ ತಾಮಸ್ ಅಕ್ವಿನಾಸ್

ನಮ್ಮ ಭಾಷ್ಯಕಾರರು ಸಿದ್ಧಾಂತವನ್ನು ಸ್ಥಾಪಿಸುವುದಕ್ಕೆ ಮುನ್ನ ಪೂರ್ವಪಕ್ಷವನ್ನು ಹೇಳುವರೆಂಬುದನ್ನು ಶ್ರೋತೃಗಳು ಬಲ್ಲರು. ಇದನ್ನು ಹೋಲುವ ಕ್ರಮವನ್ನೇ ಪಶ್ಚಿಮದಲ್ಲಿ ಕೊನೆಮುಟ್ಟ ನಡೆಯಿಸಿದ ಕ್ರೈಸ್ತ ಸಂನ್ಯಾಸಿಯೊಬ್ಬನುಂಟು. ಅವನೇ ಸಂತ ತಾಮಸ್ ಅಕ್ವಿನಾಸ್.

ಇಟಲಿಯಲ್ಲಿ ರೋಮಿಗೂ ನೇಪಲ್ಸಿಗೂ ನಡುವಣ ರೊಕ್ಕಸೆಕ್ಕ ಎಂಬ ಕೋಟೆಯಲ್ಲಿ, ಕ್ರಿ. ಶ. 1225ರ ಸುಮಾರಿನಲ್ಲಿ, ಈತನು ಪ್ರಭುವಂಶದಲ್ಲಿ ಹುಟ್ಟಿದನು. ಐದು ವರ್ಷದ ಬಾಲಕನನ್ನು ತಂದೆತಾಯಿಗಳು ಮಾಂಟೆ ಕಸ್ಸೀನೋ ಮಠಕ್ಕೆ ಒಪ್ಪಿಸಿದರು. ಮುಂದೆ ಆ ಮಠಕ್ಕೆ ಅಧಿಪತಿಯಾಗಲೆಂಬುದು ಅವರ ಆಸೆ. ಮಗನಾದರೋ 1244ರಲ್ಲಿ ನೇಪಲ್ಸಿನಲ್ಲಿ ಡೊಮಿನಿಕನ್ ಭಿಕ್ಷುಗಳನ್ನು ಸೇರಿಬಿಟ್ಟನು. ಪ್ರಭುಪುತ್ರನು ಜೋಳಿಗೆ ಹಿಡಿಯುವುದೆ! ಸೋದರರು ದಾರಿಯಲ್ಲಿ ಹಿಡಿದು ತಂದು ಸುಮಾರು ಒಂದು ವರ್ಷ ಸೆರೆಯಲ್ಲಿಟ್ಟರು. ಅವನು ಮಣಿಯಲಿಲ್ಲ. ತರುವಾಯ ಮಹಾಪಂಡಿತನಾದ ಆಲ್ಬರ್ಟನ ಶಿಷ್ಯನಾದನು. ಸ್ಥೂಲಕಾಯನೂ ಮಿತಭಾಷಿಯೂ ಆದ ಇವನನ್ನು ಸಹಪಾಠಿಗಳು ಮೂಕ ಎತ್ತೆಂದು ಹಾಸ್ಯಮಾಡಿದರೆಂದು ಕಥೆಯುಂಟು.

ಅರಿಸ್ಟಾಟಲನ ಗ್ರಂಥಗಳು ಅರಬ್ಬೀ ವ್ಯಾಖ್ಯಾನಗಳೊಡನೆ ಯೂರೋಪಿಗೆ ಬಂದಾಗ ಧರ್ಮಾಧಿಕಾರಿಗಳು ಬೆದರಿದರು. 1210ರಲ್ಲಿ ಪ್ಯಾರಿಸಿನಲ್ಲಿ ಅವನ ಪ್ರಕೃತಿಶಾಸ್ತ್ರದ ಪಾಠವನ್ನೇ ನಿಷೇಧಿಸಿದ್ದರು. ತಾಮಸನಿಗೆ ಈ ಭಯವಿರಲಿಲ್ಲ. ಯುಕ್ತಿಯೂ ದೈವವಾಣಿಯೂ ಒಬ್ಬನೇ ದೇವರಿಂದ ಬಂದವಾದುದರಿಂದ ಅವು ಒಂದನ್ನೊಂದು ವಿರೋಧಿಸಲಾರವೆಂದು ಅವನ ನಿಶ್ಚಯ. ಮುಸಲ್ಮಾನರಾದ ಇಬ್ನ್ ಸೀನಾ, ಇಬ್ನ್ ರುಷ್ದರನ್ನೂ ಯೆಹೂದ್ಯನಾದ ಮೈಮೋನಿಡೀಸನನ್ನೂ ಅವನು ಓದಿದನು, ಒಪ್ಪದೆಡೆಯಲ್ಲಿ ಖಂಡಿಸಿದನು.

1265ರ ಸುಮಾರಿಗೆ ಆರಂಭಿಸಿದ ‘ಸುಮ್ಮಾ ಥಿಯೊಲಾಜಿಯೆ’ ಎಂಬ ಮಹಾಗ್ರಂಥದಲ್ಲಿ 500ಕ್ಕೂ ಮಿಕ್ಕ ಪ್ರಶ್ನೆಗಳುಂಟು. ಪ್ರತಿಯೊಂದು ವಿಚಾರದಲ್ಲಿಯೂ ಆಕ್ಷೇಪಗಳಿಗೇ ಮೊದಲ ಮಣೆ. ದೇವರುಂಟೆ ಎಂಬಲ್ಲಿ ಎರಡು ಆಕ್ಷೇಪಗಳು: ಅಪಾರಮಂಗಳನಾದ ದೇವರಿದ್ದರೆ ಜಗತ್ತಿನಲ್ಲಿ ಕೇಡಿಗೆ ಎಡೆಯೆಲ್ಲಿ? ಪ್ರಕೃತಿಯಿಂದಲೂ ಮನುಷ್ಯನ ಸಂಕಲ್ಪದಿಂದಲೂ ಸಮಸ್ತವನ್ನೂ ವಿವರಿಸಬಹುದಾದರೆ ದೇವರ ಅವಶ್ಯಕತೆಯೇನು? ನಾಸ್ತಿಕನೂ ಇದಕ್ಕಿಂತ ಚೊಕ್ಕವಾಗಿ ಕೇಳಲಾರನು. ಬಳಿಕವೇ ಐದು ಮಾರ್ಗಗಳಿಂದ ತನ್ನ ಸಿದ್ಧಾಂತವನ್ನು ನಿಲ್ಲಿಸಿ, ಎರಡಕ್ಕೂ ಸಮಾಧಾನ ಹೇಳುವನು.

ಇಷ್ಟು ಉದಾರಿಯಾದವನೇ, ಹಟ ಬಿಡದ ಮತಭ್ರಷ್ಟನನ್ನು ರಾಜದಂಡಕ್ಕೊಪ್ಪಿಸಿ ಕೊಲ್ಲಿಸುವುದು ನ್ಯಾಯವೆಂದು ಅದೇ ಗ್ರಂಥದಲ್ಲಿ ಬರೆದನು. ಪುಸ್ತಕದಲ್ಲಿ ಪ್ರತಿವಾದಿಗೆ ಕೊಟ್ಟ ಎಡೆಯನ್ನು ಊರಿನಲ್ಲಿ ಕೊಡಲಿಲ್ಲ. ಇದು ಕಾಲಧರ್ಮವೆಂದು ಹೇಳುವವರುಂಟು; ನನಗೆ ಆ ಸಮಾಧಾನ ಸಾಲದು.

1273ರ ಡಿಸೆಂಬರ್ 6ರಂದು ನೇಪಲ್ಸಿನಲ್ಲಿ ಪೂಜೆ ಮುಗಿಸಿದ ಮೇಲೆ ತಾಮಸನು ಲೇಖನಿಯನ್ನು ಮುಟ್ಟಲಿಲ್ಲ. ಗ್ರಂಥವು ಅರ್ಧಕ್ಕೆ ನಿಂತಿತು. ಲಿಪಿಕಾರನಾದ ರೆಜಿನಾಲ್ಡನು ಕಾಡಿ ಬೇಡಲು, ತಾನು ಬರೆದುದೆಲ್ಲ ಹುಲ್ಲಿನಂತೆ ತೋರುತ್ತಿದೆಯೆಂದನಂತೆ. ಲಿಯೋನ್ಸಿನ ಧರ್ಮಸಭೆಗೆ ಹೊರಟವನು 1274ರ ಮಾರ್ಚಿ 7ರಂದು ದಾರಿಯಲ್ಲಿ, ಫೊಸ್ಸನೋವ ಮಠದಲ್ಲಿ, ಕಾಲವಾದನು.

ಸರಿಯಾಗಿ ಮೂರು ವರ್ಷಕ್ಕೆ, 1277ರ ಅದೇ ದಿನ, ಪ್ಯಾರಿಸಿನ ಬಿಷಪ್ಪನು 219 ವಾದಗಳನ್ನು ದೂಷ್ಯವೆಂದು ಸಾರಿದನು. ಅವುಗಳಲ್ಲಿ ಕೆಲವು ತಾಮಸನ ಮತಕ್ಕೂ ತಗಲುವಂಥವು. ಮುದುಕನಾದ ಗುರು ಆಲ್ಬರ್ಟನಿಗೆ ಇನ್ನೂ ಜೀವವಿತ್ತು. 1323ರಲ್ಲಿ ಪೋಪನು ತಾಮಸನನ್ನು ಸಂತನೆಂದು ಘೋಷಿಸಿದನು. ಎರಡು ವರ್ಷ ಕಳೆದು, 1325ರಲ್ಲಿ, ಪ್ಯಾರಿಸಿನ ಅಂದಿನ ಬಿಷಪ್ಪನು ಆ ಹಳೆಯ ಖಂಡನೆಯನ್ನು, ತಾಮಸನಿಗೆ ಸಂಬಂಧಪಟ್ಟಷ್ಟರ ಮಟ್ಟಿಗೆ, ಹಿಂದೆಗೆದುಕೊಂಡನು.