ದಫ್ತರ ಒಂದು ಕಡೆ, ಲೇಖಣಿ ಒಂದು ಕಡೆ

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಪ್ರಯೋಗ ಕರ್ನಾಟಕದಲ್ಲಿ ಮೊದಲು ನಡೆದದ್ದು ಬೆಂಗಳೂರಿನಲ್ಲಲ್ಲ, ಗುಲಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಯಲ್ಲಿ. 1991ರಲ್ಲಿ ಕೇಂದ್ರ ಸರ್ಕಾರದ ಹಣದಿಂದ ಆರಂಭವಾದ ಆ ಯೋಜನೆ ಹೆಚ್ಚು ದೂರ ಸಾಗಲಿಲ್ಲ. ಕಂಪ್ಯೂಟರು ಕೂತಿದ್ದು ಜಿಲ್ಲಾ ಕೇಂದ್ರದಲ್ಲಿ. ಜೇವರ್ಗಿ, ಆಳಂದ, ಅಫಜಲಪುರದಂಥ ತಾಲ್ಲೂಕುಗಳಲ್ಲಿ ಹೊಲ ಮಾರಾಟವಾದರೆ, ಅಣ್ಣತಮ್ಮಂದಿರು ಬೇರೆಯಾಗಿ ಪಾಲು ಹಂಚಿಕೊಂಡರೆ, ಹೆಸರು ಬದಲಾಗುತ್ತಿದ್ದುದು ಮಾತ್ರ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ. ಪುಸ್ತಕ ದಿನದಿನಕ್ಕೆ ಬದಲಾಗುತ್ತ ಹೋಯಿತು. ಕಂಪ್ಯೂಟರಿನ ಪ್ರತಿ ಹಳತಾಗುತ್ತ ಹೋಯಿತು. 1996ರ ಹೊತ್ತಿಗೆ ಯೋಜನೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆಗಲೂ ತಾಲ್ಲೂಕು ಕಚೇರಿಗೆ ಯಂತ್ರ ಬರಲಿಲ್ಲ.

ದಾಖಲೆ ಇಡುವ ಜಾಗವೂ ಅದನ್ನು ತಿದ್ದುವ ಅಧಿಕಾರವೂ ಬೇರೆಯಾದಾಗ ಹುಟ್ಟುವ ಗೋಜಲು ಇಂದು ಸಣ್ಣ ಸಣ್ಣ ಕಚೇರಿಗಳಿಗೂ ಪರಿಚಿತ. ಫೈಲು ಸರ್ವರಿನಲ್ಲಿದೆ, ಕಣ್ಣಿಗೆ ಕಾಣುತ್ತಿದೆ, ತೆರೆದರೆ ‘ಆ್ಯಕ್ಸೆಸ್ ಡಿನೈಡ್’ ಎನ್ನುತ್ತದೆ. ಇಲ್ಲವೇ ತೆರೆಯುತ್ತದೆ, ಸೇವ್ ಆಗುವುದಿಲ್ಲ. ಇದನ್ನು ಯಂತ್ರದ ಕಾಯಿಲೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಜೇವರ್ಗಿಯ ಕಂದಾಯದ ಚರಿತ್ರೆಯಲ್ಲಿ ಈ ತಕರಾರು ಕಂಪ್ಯೂಟರಿಗಿಂತ ಬಹಳ ಹಳೆಯದು.

ಭೀಮಾ ನದಿಯ ದಕ್ಷಿಣಕ್ಕಿರುವ ಈ ಎರೆಭೂಮಿ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಊರಿಗೆ ಮೂವರು ವತನದಾರರು: ಕಂದಾಯ ವಸೂಲಿಗೆ ಮಾಲಿಪಾಟೀಲ, ಕಾವಲಿಗೆ ಪೊಲೀಸ್ ಪಾಟೀಲ, ಲೆಕ್ಕಕ್ಕೆ ಪಟವಾರಿ ಅಥವಾ ಕುಲಕರ್ಣಿ. ಹುದ್ದೆಗಳು ಹೋಗಿ ದಶಕಗಳಾದರೂ ಕಲಬುರಗಿ ಜಿಲ್ಲೆಯ ಮತದಾರರ ಪಟ್ಟಿಯಲ್ಲಿ ಅವು ಅಡ್ಡಹೆಸರುಗಳಾಗಿ ಇನ್ನೂ ಉಳಿದಿವೆ. ಬಟ್ಟೆಯಲ್ಲಿ ಸುತ್ತಿದ ದಫ್ತರ ಇರುತ್ತಿದ್ದುದು ಪಟವಾರಿಯ ಮನೆಯಲ್ಲಿ. ಬರೆಯುವವನೂ ಅವನೇ, ಓದಿ ಹೇಳುವವನೂ ಅವನೇ, ನಕಲು ಕೊಡುವವನೂ ಅವನೇ. ಸಂಸ್ಥಾನದ ಆಡಳಿತ ಭಾಷೆ 1884ರಲ್ಲಿ ಪಾರ್ಸಿಯಿಂದ ಉರ್ದುವಿಗೆ ಬದಲಾಯಿತು. ಊರ ಮಟ್ಟದ ಲೆಕ್ಕ ಅನೇಕ ಕಡೆ ಮೋಡಿ ಲಿಪಿಯಲ್ಲಿ, ಕೆಲವೆಡೆ ಕನ್ನಡದಲ್ಲಿ ನಡೆಯುತ್ತಿತ್ತು. ಹೊಲ ಉಳುವವನ ಕೈಗೆ ಕಾಗದವನ್ನೇ ಕೊಟ್ಟರೂ ಅವನಿಗೆ ಅದು ತೆರೆಯದ ಫೈಲು. ಕಾವಲಿಗೆ ಬೇರೆ ಬೀಗ ಬೇಕಿರಲಿಲ್ಲ, ಲಿಪಿಯೇ ಸಾಕಿತ್ತು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಮರುವರ್ಷದ ಜಾಗೀರು ರದ್ದತಿ, 1956ರ ಏಕೀಕರಣ ಬೆನ್ನು ಬೆನ್ನಿಗೆ ಬಂದವು. ನಡುವೆ 1954–55ರಲ್ಲಿ ಹಳೆಯ ಹೈದರಾಬಾದ್ ಪ್ರದೇಶದಲ್ಲಿ ಖಾಸ್ರಾ ಪಹಣಿ ಎಂಬ ಹೊಲವಾರು ದಾಖಲೆ ತಯಾರಾಯಿತು. ಈ ಭಾಗದ ಸಿವಿಲ್ ದಾವೆಗಳಲ್ಲಿ ವಕೀಲರು ಇಂದಿಗೂ ಹುಡುಕಿಕೊಂಡು ಹೋಗುವುದು ಅದನ್ನೇ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದಾಗ ವಂಶಪಾರಂಪರ್ಯದ ಪಟವಾರಿಕೆ ಮುಗಿಯಿತು, ಸಂಬಳದ ಗ್ರಾಮ ಲೆಕ್ಕಿಗ ಬಂದ. ಮಗನಿಗೆ ಹೋಗುತ್ತಿದ್ದ ಹುದ್ದೆ ವರ್ಗಾವಣೆಯ ಹುದ್ದೆಯಾಯಿತು, ಅಷ್ಟೇ. ಪುಸ್ತಕ ಇಟ್ಟುಕೊಂಡವನೇ ಪುಸ್ತಕ ಬರೆಯುವವನೂ ಆಗಿದ್ದ ಪದ್ಧತಿಗೆ ಮತ್ತೆ ನಾಲ್ಕು ದಶಕ ಯಾರೂ ಕೈ ಹಚ್ಚಲಿಲ್ಲ.

ಪಟವಾರಿಕೆ ಮುಗಿದ ಹೊತ್ತಿಗೆ ಅಮೆರಿಕದಲ್ಲಿ, ಯಾರು ಓದಬೇಕು, ಯಾರು ತಿದ್ದಬೇಕು ಎಂಬ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತ್ತು. ಎಂಐಟಿಯಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಳ್ಳುತ್ತಿದ್ದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ 1960ರ ದಶಕದಲ್ಲಿ ಒಂದು ಅಚಾತುರ್ಯ ನಡೆಯಿತು. ಇಬ್ಬರು ನಿರ್ವಾಹಕರು ಒಂದೇ ಹೊತ್ತಿನಲ್ಲಿ ಒಂದೇ ಡೈರೆಕ್ಟರಿಯಲ್ಲಿ ಕೆಲಸ ಮಾಡುವಾಗ ತಾತ್ಕಾಲಿಕ ಫೈಲುಗಳು ಅದಲುಬದಲಾದವು. ಲಾಗಿನ್ ಆದವರಿಗೆ ದಿನದ ಸಂದೇಶದ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಕಂಡಿತು. ಆಮೇಲೆ ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಒಂದು ಸರಳ ಕಟ್ಟಳೆ ಮಾಡಿತು. ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು, ಉಳಿದವರು. ಈ ಮೂವರಿಗೂ ಓದುವ, ಬರೆಯುವ, ನಡೆಸುವ ಹಕ್ಕು ಬೇರೆ ಬೇರೆ. ಒಡೆಯನನ್ನು ಯುನಿಕ್ಸ್ ಹೆಸರಿನಿಂದ ಗುರುತಿಸುವುದಿಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಒಂದೇ ಯಂತ್ರ ಇರುವವರೆಗೆ ಇದರಿಂದ ತೊಂದರೆಯಿಲ್ಲ.

ತೊಂದರೆ ಶುರುವಾದದ್ದು 1984ರಲ್ಲಿ, ಸನ್ ಮೈಕ್ರೋಸಿಸ್ಟಮ್ಸ್ ಎನ್‌ಎಫ್‌ಎಸ್ ಎಂಬ ಏರ್ಪಾಟು ರೂಪಿಸಿ ಫೈಲುಗಳನ್ನು ಬೇರೆ ಯಂತ್ರದಲ್ಲಿ ಇಡುವುದು ಸುಲಭವಾದಾಗ. ‘ನಾನು 501’ ಎಂದು ಈಚೆಯ ಯಂತ್ರ ಹೇಳಿದರೆ ಆಚೆಯ ಸರ್ವರ್ ಅದನ್ನೇ ನಂಬುತ್ತಿತ್ತು. ಮ್ಯಾಕ್ ಕಂಪ್ಯೂಟರಿನಲ್ಲಿ ಮೊದಲ ಬಳಕೆದಾರನ ಸಂಖ್ಯೆ 501, ಬಹುತೇಕ ಲಿನಕ್ಸ್‌ಗಳಲ್ಲಿ 1000. ಒಬ್ಬನೇ ಮನುಷ್ಯ ಎರಡೂ ಯಂತ್ರದಲ್ಲಿ ಒಂದೇ ಹೆಸರು ಇಟ್ಟುಕೊಂಡರೂ ಸರ್ವರಿನ ಕಣ್ಣಿಗೆ ಅವನು ಇಬ್ಬರು. ತಾನೇ ಬರೆದ ಫೈಲನ್ನು ತಾನೇ ತಿದ್ದಲಾಗದ ಪರಿಸ್ಥಿತಿ ಬರುವುದು ಹೀಗೆ. ಇಲ್ಲಿ ಅನುಭವಿ ನಿರ್ವಾಹಕ ಪಾಸ್‌ವರ್ಡ್ ಬದಲಿಸುತ್ತ ಕೂರುವುದಿಲ್ಲ. ಎರಡೂ ಕಡೆಯ ಸಂಖ್ಯೆಯನ್ನು ಮೊದಲು ನೋಡುತ್ತಾನೆ. ಈಚೆಯ ಯಂತ್ರದಲ್ಲಿ ಎಲ್ಲ ಅಧಿಕಾರವಿರುವ ಬಳಕೆದಾರ ‘ರೂಟ್’ ಬಂದರೂ ಎನ್‌ಎಫ್‌ಎಸ್ ಸರ್ವರ್ ಅವನನ್ನು ಸಾಮಾನ್ಯವಾಗಿ ‘ನೋಬಡಿ’ ಎಂಬ ಹಕ್ಕಿಲ್ಲದ ಹೆಸರಿಗೆ ಇಳಿಸುತ್ತದೆ. ತನ್ನೂರಿನಲ್ಲಿ ಗೌಡ, ಪರವೂರಿನಲ್ಲಿ ಯಾರೂ ಅಲ್ಲ.

ವಿಂಡೋಸ್‌ನದು ಬೇರೆ ದಾರಿ. 1993ರ ವಿಂಡೋಸ್ ಎನ್‌ಟಿ ಪ್ರತಿ ಫೈಲಿಗೂ ಯಾರು ಯಾರಿಗೆ ಏನೇನು ಹಕ್ಕು ಎಂಬ ಉದ್ದ ಪಟ್ಟಿಯನ್ನೇ ಅಂಟಿಸಿತು. ಯುನಿಕ್ಸ್ ಯಂತ್ರವೂ ವಿಂಡೋಸ್‌ನ ಮಾತು ಆಡುವಂತೆ ಮಾಡಿದ್ದು ಸಾಂಬಾ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆ್ಯಂಡ್ರೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ ಅದನ್ನು ಬರೆಯತೊಡಗಿದರು. ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಗಳ ಒಳಗಿರುವುದು ಅದೇ ತಂತ್ರಾಂಶ. ವಿಂಡೋಸ್ ಹಂಚಿಕೆಗೆ ಎರಡು ಬಾಗಿಲು: ಒಂದು ಶೇರ್‌ನದು, ಇನ್ನೊಂದು ಫೈಲಿನದು. ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ಒಂದೇ ಡಿಸ್ಕಿನೊಳಗೆ ಜಾಗ ಬದಲಿಸಿದ ಫೈಲು ತನ್ನ ಹಳೆಯ ಹಕ್ಕನ್ನೇ ಹೊತ್ತುಕೊಂಡು ಹೋಗುತ್ತದೆ, ನಕಲು ಮಾಡಿದ್ದು ಹೊಸ ಜಾಗದ ಹಕ್ಕನ್ನು ಪಡೆಯುತ್ತದೆ. ‘ನಿನ್ನೆ ತೆರೆಯುತ್ತಿತ್ತು, ಇವತ್ತು ಇಲ್ಲ’ ಎಂಬ ದೂರಿನ ಮೂಲ ಎಷ್ಟೋ ಸಲ ಇಲ್ಲಿರುತ್ತದೆ. ಬೇಸತ್ತವರು ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಫೈಲು ತೆರೆಯುವುದೇನೋ ನಿಜ. ಯಾರು ಏನು ತಿದ್ದಿದರೆಂದು ಆಮೇಲೆ ಕೇಳುವ ಹಾಗಿಲ್ಲ.

ಜಮೀನಿನ ದಾಖಲೆಯಲ್ಲಿ ಆ ಬೇಜವಾಬ್ದಾರಿಗೆ ಎಡೆಯಿಲ್ಲ. ಗುಲಬರ್ಗಾದ ಮೊದಲ ಪ್ರಯೋಗದ ಎಡವಟ್ಟನ್ನು ಕಂಡಿದ್ದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಕಂಪ್ಯೂಟರನ್ನು ತಾಲ್ಲೂಕು ಕಚೇರಿಗೇ ತಂದಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳಾಗಿದ್ದರು, ತಂತ್ರಾಂಶ ಕೇಂದ್ರ ಸರ್ಕಾರದ ಸಂಸ್ಥೆಯಾದ ಎನ್‌ಐಸಿಯದು. 177 ತಾಲ್ಲೂಕು, ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು. ನಮೂದಿಸಿದ ಪಹಣಿಗಳನ್ನು ಅಚ್ಚು ಹಾಕಿ ಗ್ರಾಮ ಲೆಕ್ಕಿಗರಿಂದಲೇ ತಾಳೆ ನೋಡಿಸಲಾಯಿತು. ಬಳಿಕ ಕೈಬರಹದ ಪಹಣಿಗೆ ಮಾನ್ಯತೆ ತೆಗೆದುಹಾಕಲಾಯಿತು. 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಯಾರ ಹೊಲದ ಪಹಣಿಯನ್ನಾದರೂ ಪಡೆಯಬಹುದಿತ್ತು. ಓದುವ ಹಕ್ಕು ಹೀಗೆ ಊರಿಗೆಲ್ಲ ತೆರೆಯಿತು. ಬರೆಯುವ ಹಕ್ಕು ಮಾತ್ರ ಬಿಗಿಯಾಯಿತು: ಹೆಬ್ಬೆರಳಿನ ಗುರುತು ಒತ್ತಿ ಒಳಗೆ ಹೋದ ನೌಕರನಷ್ಟೇ ಹೆಸರು ಬದಲಿಸಬಲ್ಲ, ಹಾಗೆ ಬದಲಿಸಿದವರು ಯಾರೆಂಬುದು ದಾಖಲಾಗಿ ಉಳಿಯುತ್ತದೆ. ಸಾಲು ಮೀರಿ, ಆಮೇಲೆ ಬಂದ ಅರ್ಜಿಯನ್ನು ಮೊದಲು ತೆಗೆದುಕೊಳ್ಳಲು ತಂತ್ರಾಂಶ ಬಿಡುತ್ತಿರಲಿಲ್ಲ. ಪಟವಾರಿಯ ಕಾಲದಿಂದ ಅಂಟಿಕೊಂಡಿದ್ದ ಗಂಟು ಸಡಿಲಾದದ್ದು 1963ರಲ್ಲಿ ಜಾರಿಯಾದ ಕಾಯ್ದೆಯಿಂದಲ್ಲ, ಈ ಬೆರಳಚ್ಚಿನಿಂದ ಎಂದರೆ ತಪ್ಪಾಗಲಾರದು.

ಗೋಜಲು ಅಲ್ಲಿಗೆ ಮುಗಿಯಲಿಲ್ಲ. ತಾಲ್ಲೂಕಿನ ಸರ್ವರುಗಳಲ್ಲಿದ್ದ ಮಾಹಿತಿ ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು. ‘ಸರ್ವರ್ ಡೌನ್ ಅದ, ನಾಳಿ ಬರ್ರಿ’ ಎಂಬುದು ಜೇವರ್ಗಿ ಸೀಮೆಯ ರೈತನಿಗೆ ಹೊಸ ಮಾತಲ್ಲ. ಪಹಣಿಗೆ ಆಧಾರ್ ಜೋಡಿಸುವ ಕೆಲಸ 2024ರಲ್ಲಿ ಭರದಿಂದ ನಡೆದಾಗ, ಯುನಿಕ್ಸ್‌ನಲ್ಲಿ ಕಂಡ ತಕರಾರು ತಿರುವುಮುರುವಾಗಿ ಎದುರಾಯಿತು. ಪಹಣಿ ಗುರುತಿಸುವುದು ಹೆಸರನ್ನು, ಆಧಾರ್ ಗುರುತಿಸುವುದು ಸಂಖ್ಯೆಯನ್ನು. ಪಹಣಿಯಲ್ಲಿ ಶರಣಪ್ಪ, ಆಧಾರಿನಲ್ಲಿ ಶರಣಬಸಪ್ಪ. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಮನೆತನದ ಅಡ್ಡಹೆಸರು. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದ ಖಾತೆಗಳಿಗೆ ಜೋಡಿಸಲು ಆಧಾರ್ ಸಂಖ್ಯೆಯೇ ಇರುವುದಿಲ್ಲ.

ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಡುವ ‘ಭೂ ಸುರಕ್ಷಾ’ ಯೋಜನೆಯೂ ಅದೇ ವರ್ಷ ಆರಂಭವಾಯಿತು. 2024ರ ಸೆಪ್ಟೆಂಬರ್ ಕೊನೆಯಲ್ಲಿ, ಆಧಾರ್ ಜೋಡಣೆಯಂಥ ಕೆಲಸಗಳನ್ನು ಮಾಡಬೇಕಿದ್ದ ಗ್ರಾಮ ಆಡಳಿತ ಅಧಿಕಾರಿಗಳು, ಎಂದರೆ ಹಿಂದಿನ ಗ್ರಾಮ ಲೆಕ್ಕಿಗರು, ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಸರ್ಕಾರ ಒಂದರ ಮೇಲೊಂದು ಮೊಬೈಲ್ ಆ್ಯಪ್‌ಗಳಲ್ಲಿ ಕೆಲಸ ಮಾಡಿ ಎನ್ನುತ್ತಿದೆ, ಅದಕ್ಕೆ ಬೇಕಾದ ಸಲಕರಣೆ ಕೊಡುತ್ತಿಲ್ಲ ಎಂಬುದು ಅವರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು.